ಡಿಗ್ರಿ ಜೊತೆಗೆ ವಿದೇಶಿ ಭಾಷೆ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಜರ್ಮನ್ ಹೇಳಿಕೊಡುತ್ತೇನೆ. ಕ್ಲಾಸ್ ಮುಗಿದ ಮೇಲೆ, ಫೋನಿನಲ್ಲಿ, ಮೆಸೇಜಿನಲ್ಲಿ, ಮಗಳನ್ನು ಬಿಡಲು ಬಂದ ಅಪ್ಪಂದಿರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವ ಮುಂಚೆ

ಡಿಗ್ರಿನೇ ಭಾಳ ಭಾರ ಆಗ್ಯಾದ್ರಿ, ಅದರ ಜೋಡಿ ಇನ್ನೊಂದು ಭಾಷಾ ಕಲೀಲಿಕ್ಕ ಆಗ್ತದೇನ್ರಿ?

ಆಗುತ್ತದೆ. ಆದರೆ ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಕೊಡಬೇಕು. ಭಾನುವಾರ ಒಂದೇ ಸಲ ಐದು ಗಂಟೆ ಕೂತರೆ ಮುಂದಿನ ಭಾನುವಾರಕ್ಕೆ ಅರ್ಧ ಮರೆತಿರುತ್ತೀರಿ.

ಲೆಕ್ಕ ಹಾಕಿ ನೋಡಿ. ಯುರೋಪಿನ ಭಾಷೆಗಳಿಗೆ ಆರು ಮಟ್ಟ ಇವೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು ಹೇಳಿ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು. ಬಿ1 ಅಂದರೆ ಆ ದೇಶದಲ್ಲಿ ದಿನನಿತ್ಯದ ವ್ಯವಹಾರ ಒಬ್ಬರೇ ನಿಭಾಯಿಸುವಷ್ಟು. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಜರ್ಮನಿಯ ಸಂಸ್ಥೆ ಗೋಥೆ ಇನ್‌ಸ್ಟಿಟ್ಯೂಟ್ ಪ್ರಕಾರ ಜರ್ಮನ್‌ನಲ್ಲಿ ಎ1ಕ್ಕೆ 45 ನಿಮಿಷದ 80ರಿಂದ 200 ಪೀರಿಯಡ್ ಬೇಕು. ಬಿ1 ಮುಟ್ಟಲು ಮೊದಲಿನಿಂದ ಒಟ್ಟು 350ರಿಂದ 650. ಪರೀಕ್ಷೆ, ಹಬ್ಬ, ಮದುವೆ, ಜಾತ್ರೆ ಎಲ್ಲ ಕಳೆದು ವರ್ಷಕ್ಕೆ 40 ವಾರ ಸಿಕ್ಕಿದರೂ 200 ಗಂಟೆ ಆಯಿತು. ಮೂರು ವರ್ಷದ ಡಿಗ್ರಿ ಮುಗಿಯುವಷ್ಟರಲ್ಲಿ ಬಿ1 ಕೈಗೆ ಸಿಗುತ್ತದೆ.

ನಾನು ಹತ್ತನೇತ್ತೆ ತನಕ ಕನ್ನಡ ಮೀಡಿಯಂ. ಇಂಗ್ಲಿಷೇ ನೆಟ್ಟಗ ಬರಲ್ಲ, ಜರ್ಮನ್ ಹೆಂಗ ಬರ್ತದ?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಇದೊಂದೇ ಹೆದರಿಕೆಯಿಂದ ಒಳ್ಳೆ ವಿದ್ಯಾರ್ಥಿಗಳು ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ನಿಮಗೆ ಕಷ್ಟ ಆಗೋದು ಜರ್ಮನ್ ಅಲ್ಲ. ಅದನ್ನು ಇಂಗ್ಲಿಷಿನಲ್ಲಿ ವಿವರಿಸುವ ಪುಸ್ತಕ, ವಿಡಿಯೊ ಕಷ್ಟ. ಅದೇ ಪಾಠವನ್ನು ಕನ್ನಡದಲ್ಲಿ ಹೇಳಿದರೆ ಹೆಚ್ಚಿನದು ನಿಮಗೆ ಆಗಲೇ ಗೊತ್ತಿರುತ್ತದೆ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದೀರಿ, ಅಲ್ವಾ? ‘ನಾನು ಹುಡುಗನಿಗೆ ಪುಸ್ತಕ ಕೊಡುತ್ತೇನೆ’ ಅನ್ನೋದು ಜರ್ಮನ್‌ನಲ್ಲಿ ‘ಇಷ್ ಗೇಬೆ ಡೇಮ್ ಯುಂಗನ್ ಡಾಸ್ ಬೂಖ್’. ಹುಡುಗ ಕರ್ತೃ ಆಗಿದ್ದರೆ ಅವನ ಮುಂದೆ ‘ಡೇರ್’ ಇರುತ್ತಿತ್ತು. ನಮ್ಮ ‘ಇಗೆ’ ಸೇರುವ ಜಾಗ ಆದ್ದರಿಂದ ‘ಡೇಮ್’ ಆಗಿದೆ. ನಮ್ಮಲ್ಲಿ ಪದದ ಕೊನೆಗೆ ಸೇರೋದು ಅಲ್ಲಿ ಪದದ ಮುಂದೆ ಬದಲಾಗುತ್ತದೆ, ಅಷ್ಟೇ. ಚತುರ್ಥಿ ವಿಭಕ್ತಿ ಗೊತ್ತಿರುವವರಿಗೆ ಇದು ಬೇಗ ಹಿಡಿಯುತ್ತದೆ. ಇಂಗ್ಲಿಷ್ ಮಾತ್ರ ಓದಿದವರು ಇಲ್ಲೇ ಒದ್ದಾಡುತ್ತಾರೆ.

ಜಪಾನೀಸ್‌ನಲ್ಲಂತೂ ವಾಕ್ಯದ ಸಾಲೇ ನಮ್ಮದು. ‘ವತಾಶಿ ವ ಮಿಜು ಒ ನೊಮಿಮಾಸ್’: ನಾನು, ನೀರು, ‘ಅನ್ನು’, ಕುಡಿಯುತ್ತೇನೆ. ಕ್ರಿಯಾಪದ ಕೊನೆಗೆ. ಒಂದೊಂದೇ ಪದ ಕನ್ನಡದ ಕೆಳಗೆ ಬರೆದುಕೊಂಡು ಹೋದರೆ ವಾಕ್ಯ ಸಿದ್ಧ.

ಆದ್ದರಿಂದ ನೋಟ್ಸ್ ಕನ್ನಡದಲ್ಲೇ ಮಾಡಿಕೊಳ್ಳಿ. ಪದದ ಅರ್ಥ ಕನ್ನಡದಲ್ಲೇ ಬರೆಯಿರಿ. ಮೊದಲು ಇಂಗ್ಲಿಷ್ ಸುಧಾರಿಸಿಕೊಂಡು ಆಮೇಲೆ ಬರುತ್ತೇನೆ ಅಂದವರಲ್ಲಿ ಬಹಳ ಮಂದಿ ವಾಪಸ್ ಬರೋದೇ ಇಲ್ಲ.

ಯಾವ ಭಾಷೆ ಆರಿಸಿಕೊಳ್ಳಲಿ? ಯಾವುದಕ್ಕೆ ಸ್ಕೋಪ್ ಜಾಸ್ತಿ?

ಮುಂದೆ ಏನು ಮಾಡಬೇಕು ಅಂತ ಇದ್ದೀರಿ ಅನ್ನೋದರ ಮೇಲೆ ಹೋಗುತ್ತದೆ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡುವ ಆಸೆ ಇದ್ದರೆ ಜರ್ಮನ್. ನರ್ಸಿಂಗ್ ಓದುತ್ತಿದ್ದರೆ ಜರ್ಮನ್ ಅಥವಾ ಜಪಾನೀಸ್. ಕೆನಡಾದಲ್ಲಿ ನೆಲೆಸುವ ಯೋಚನೆ ಇದ್ದರೆ ಫ್ರೆಂಚ್. ಅಲ್ಲಿನ ವಲಸೆ ಅರ್ಜಿಯಲ್ಲಿ ಫ್ರೆಂಚ್ ಪರೀಕ್ಷೆಗೆ ಅಂಕ ಸಿಗುತ್ತದೆ.

ಇದ್ಯಾವುದೂ ಇಲ್ಲ, ಕೊರಿಯನ್ ಸೀರಿಯಲ್ ನೋಡಿ ಆ ಭಾಷೆ ಇಷ್ಟ ಆಗಿದೆ ಅಂದರೆ ಅದನ್ನೇ ಕಲಿಯಿರಿ. ಮನೆಯವರು ನಕ್ಕರೂ ಪರವಾಗಿಲ್ಲ. ಇಷ್ಟಪಟ್ಟು ಆರಿಸಿಕೊಂಡವರು ಬೇಸರದ ದಿನಗಳಲ್ಲೂ ಪುಸ್ತಕ ತೆಗೆಯುತ್ತಾರೆ. ಸ್ಕೋಪ್ ನೋಡಿ ಮಾತ್ರ ಬಂದವರು ಎ1 ದಾಟೋದೇ ಕಷ್ಟ.

ಎರಡು ಭಾಷೆ ಒಟ್ಟಿಗೆ ಮಾಡಬಹುದಾ?

ಬೇಡ. ಒಂದರಲ್ಲಿ ಬಿ1 ಆಗಲಿ. ಎರಡು ಭಾಷೆಯ ಎ1 ಸರ್ಟಿಫಿಕೇಟಿಗಿಂತ ಒಂದು ಭಾಷೆಯ ಬಿ1ಗೆ ಬೆಲೆ ಜಾಸ್ತಿ.

ಯಾವ ವರ್ಷದಾಗ ಶುರು ಮಾಡಬೇಕು?

ಎರಡನೇ ಸೆಮಿಸ್ಟರ್ ಒಳ್ಳೇದು. ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲ್, ಊಟ, ಹೊಸ ಸಬ್ಜೆಕ್ಟ್ ಇವಕ್ಕೇ ಹೊಂದಿಕೊಳ್ಳಬೇಕು. ಅಫಜಲಪುರದಿಂದಲೋ ಔರಾದದಿಂದಲೋ ಮೊದಲ ಸಲ ಮನೆ ಬಿಟ್ಟು ಬಂದವರಿಗೆ ಅದೇ ಸಾಕಷ್ಟು ಕೆಲಸ. ಕೊನೆ ವರ್ಷದಲ್ಲಿ ಬಂದರೂ ಕಲಿಸುತ್ತೇನೆ, ಆದರೆ ಡಿಗ್ರಿ ಮುಗಿಯುವಾಗ ಎ2 ಆಗಬಹುದು ಅಷ್ಟೇ. ಮುಂದಿನದಕ್ಕೆ ಇನ್ನೊಂದು ವರ್ಷ ಇಟ್ಟುಕೊಳ್ಳಬೇಕು.

## ಎಲ್ಲಿ, ಹೇಗೆ ಕಲಿಯೋದು

ನಮ್ಮೂರಾಗ ಕಲಿಸೋರೇ ಇಲ್ಲ. ಹೈದರಾಬಾದಿಗೆ ಹೋಗಬೇಕಾ, ಬೆಂಗಳೂರಿಗಾ?

ಡಿಗ್ರಿ ಬಿಟ್ಟು ಎಲ್ಲಿಗೂ ಹೋಗಬೇಡಿ. ಮೊದಲು ನಿಮ್ಮ ಕಾಲೇಜಿನಲ್ಲೇ ಕೇಳಿ. ಗುಲಬರ್ಗಾ ವಿಶ್ವವಿದ್ಯಾಲಯ ಇರಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇರಲಿ, ಎಂಜಿನಿಯರಿಂಗ್ ಕಾಲೇಜು ಇರಲಿ, ಭಾಷಾ ವಿಭಾಗಕ್ಕೂ ಪ್ಲೇಸ್‌ಮೆಂಟ್ ಸೆಲ್‌ಗೂ ಒಂದು ಅರ್ಜಿ ಕೊಡಿ. ಇಪ್ಪತ್ತು ಜನರ ಸಹಿ ಇರುವ ಅರ್ಜಿಯನ್ನು ಪ್ರಾಂಶುಪಾಲರು ಸುಮ್ನೆ ಪಕ್ಕಕ್ಕೆ ಇಡೋದು ಕಷ್ಟ.

ಅಲ್ಲಿ ಆಗದಿದ್ದರೆ ಸಂಜೆಯ ಆನ್‌ಲೈನ್ ಕ್ಲಾಸ್. ಹಾಸ್ಟೆಲಿನಲ್ಲಿ ನೆಟ್‌ವರ್ಕ್ ಸರಿ ಇಲ್ಲದಿದ್ದರೆ ಬೆಳಗಿನ ಆರು ಗಂಟೆಯ ಬ್ಯಾಚ್ ಹುಡುಕಿ. ಆಗ ನೆಟ್ ಚೆನ್ನಾಗಿರುತ್ತದೆ, ಬೇಸಿಗೆಯಲ್ಲಿ ಕೋಣೆಯೂ ತಣ್ಣಗಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಕೂತು ವ್ಯಾಕರಣ ಓದೋದು ಆಗದ ಮಾತು.

ನಮಗೆ ಹತ್ತಿರದ ದೊಡ್ಡ ಊರು ಹೈದರಾಬಾದ್. ಬೀದರಿನಿಂದ 150 ಕಿ.ಮೀ. ಒಳಗೆ, ಕಲಬುರಗಿಯಿಂದ ಸುಮಾರು 220. ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಜರ್ಮನ್ ಕಲಿಸುವ ಗೋಥೆ ಝೆಂಟ್ರುಮ್, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಮೂರೂ ಅಲ್ಲಿವೆ. ವರ್ಷವಿಡೀ ಓಡಾಡೋದು ಬೇಡ. ರಜೆಯಲ್ಲಿ ಒಂದು ಪೂರ್ಣಾವಧಿ ಕೋರ್ಸ್ ಮತ್ತು ಪರೀಕ್ಷೆ, ಇವೆರಡಕ್ಕೆ ಹೋದರೆ ಸಾಕು.

ಫ್ರೀಯಾಗಿ ಕಲಿಯೋಕೆ ಏನಾದ್ರೂ ಇದೆಯಾ ಸರ್?

ಬೇಕಾದಷ್ಟಿದೆ. ಜರ್ಮನಿಯ ಸರ್ಕಾರಿ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲ ಎ1ರಿಂದ ಬಿ1 ತನಕ ಪೂರ್ತಿ ಕೋರ್ಸನ್ನು ವಿಡಿಯೊ ಸಮೇತ ಉಚಿತವಾಗಿ ಕೊಡುತ್ತದೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಐಐಟಿ ಮದ್ರಾಸಿನ ಜರ್ಮನ್ ಪಾಠ, ಐಐಟಿ ಕಾನ್ಪುರದ ಜಪಾನೀಸ್ ಪಾಠ ಬಂದಿವೆ. ಅಲ್ಲಿ ಪಾಠಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಜಪಾನ್ ಫೌಂಡೇಶನ್ ಪಠ್ಯವನ್ನೂ ಆಡಿಯೊವನ್ನೂ ಉಚಿತವಾಗಿ ಇಟ್ಟಿದೆ. ಫ್ರೆಂಚ್‌ಗೆ ಟಿವಿ5 ಮಾಂಡ್ ಅನ್ನೋ ಟಿವಿ ಚಾನೆಲ್‌ನ ಪಾಠಗಳಿವೆ.

ಇವುಗಳಲ್ಲಿ ಸಿಗದ ಒಂದೇ ವಸ್ತು ನಿಮ್ಮ ತಪ್ಪು ತಿದ್ದುವ ಮನುಷ್ಯ. ದುಡ್ಡು ಕಡಿಮೆ ಇದ್ದರೆ ಓದೋದು, ಕೇಳೋದು ಉಚಿತವಾಗಿ ಮಾಡಿ. ಇರುವ ಹಣವನ್ನು ಮಾತಾಡಿಸುವ ಕ್ಲಾಸಿಗೆ ಉಳಿಸಿಕೊಳ್ಳಿ.

ಇಗ್ನೊ ಸರ್ಟಿಫಿಕೇಟ್ ಮಾಡಿದರೆ ಡಿಗ್ರಿಗೆ ತೊಂದರೆ ಆಗಲ್ವಾ? ಒಂದೇ ಸಲ ಎರಡು ಕೋರ್ಸ್ ಮಾಡಬಾರದಂತಲ್ಲ?

ಅದು ಹಳೇ ಮಾತು. ಯುಜಿಸಿ 2022ರಲ್ಲಿ ಎರಡು ಪದವಿಯನ್ನೇ ಒಟ್ಟಿಗೆ ಮಾಡಲು ಒಪ್ಪಿಗೆ ಕೊಟ್ಟಿದೆ. ಎರಡೂ ರೆಗ್ಯುಲರ್ ಆದರೆ ತರಗತಿ ಸಮಯ ಒಂದಕ್ಕೊಂದು ಅಡ್ಡ ಬರಬಾರದು, ಅಷ್ಟೇ. ಆರು ತಿಂಗಳ ಭಾಷಾ ಸರ್ಟಿಫಿಕೇಟಿಗೆ ಹೆದರುವ ಕಾರಣವೇ ಇಲ್ಲ. ಇಗ್ನೊದಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀಸ್, ರಷ್ಯನ್, ಅರೇಬಿಕ್ ಹೀಗೆ ಹಲವು ಇವೆ. ಪಿಯುಸಿ ಪಾಸಾಗಿದ್ದರೆ ಸಾಕು, ಜನವರಿ ಮತ್ತು ಜುಲೈನಲ್ಲಿ ಪ್ರವೇಶ. ವಿದೇಶಿ ಕಾಲೇಜು ಅಥವಾ ವೀಸಾ ಕಚೇರಿಯವರು ಕೇಳೋದು ಮಾತ್ರ ಬೇರೆ ಪರೀಕ್ಷೆ. ಅದನ್ನು ಕೆಳಗೆ ಹೇಳಿದ್ದೇನೆ.

ಮೊಬೈಲ್ ಆ್ಯಪ್ ಸಾಕಾಗಲ್ವಾ?

ಪದ ನೆನಪಿಡಲು ಸಾಕು. ಎದುರಿಗಿರುವವರು ನೀವು ಊಹಿಸದ ಪ್ರಶ್ನೆ ಕೇಳಿದಾಗ ಉತ್ತರ ಕೊಡೋದನ್ನು ಅದರಲ್ಲಿ ಕಲಿಯಲು ಆಗಲ್ಲ.

ಕೋಚಿಂಗ್ ಸೆಂಟರ್ ಚೆನ್ನಾಗಿದೆ ಅಂತ ಹೆಂಗ ಗುರ್ತು ಹಿಡಿಯೋದು?

ಫೀಸ್ ಕಟ್ಟುವ ಮುಂಚೆ ಒಂದು ಕ್ಲಾಸ್ ಕೂತು ನೋಡಿ. ಯಾರ ಬಾಯಿ ಜಾಸ್ತಿ ಓಡುತ್ತಿದೆ? ಮೇಷ್ಟರದ್ದು ಮಾತ್ರ ಆದರೆ ಬೇಡ. ಕಲಿಸುವವರು ಯಾವ ಮಟ್ಟದ ಪರೀಕ್ಷೆ ಪಾಸಾಗಿದ್ದಾರೆ ಅಂತ ಕೇಳಿ. ಕೇಳೋದು ತಪ್ಪಲ್ಲ, ಒಳ್ಳೆಯವರು ಖುಷಿಯಿಂದ ತೋರಿಸುತ್ತಾರೆ. ‘45 ದಿನದಲ್ಲಿ ಬಿ1’ ಅಂತ ಬೋರ್ಡ್ ಇದ್ದರೆ ಒಳಗೆ ಹೋಗಲೇಬೇಡಿ. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ, ಆ ಬೋರ್ಡ್ ಸುಳ್ಳು ಅಂತ ನಿಮಗೇ ಗೊತ್ತಾಗುತ್ತದೆ.

## ಓದುತ್ತಾ ಓದುತ್ತಾ

ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ ಬಂದಾಗ ಏನ್ ಮಾಡೋದು? ಒಂದು ತಿಂಗಳು ಬಿಟ್ಟರೆ ಎಲ್ಲಾ ಮರೆತು ಹೋಗ್ತದ.

ಹೊಸ ಪಾಠ ನಿಲ್ಲಿಸಿ. ಭಾಷೆ ನಿಲ್ಲಿಸಬೇಡಿ. ದಿನಕ್ಕೆ ಹದಿನೈದು ನಿಮಿಷ ಹಳೇ ಪಾಠದ ಆಡಿಯೊ ಕೇಳಿ, ಊಟ ಮಾಡುತ್ತಲೋ ಸಿಟಿ ಬಸ್ಸಿನಲ್ಲೋ. ಪರೀಕ್ಷೆ ಮುಗಿದ ವಾರ ವಾಪಸ್ ಬಂದಾಗ ಎರಡು ಪಾಠ ಹಿಂದಿನಿಂದ ಶುರು ಮಾಡಿ. ಭಾಷಾ ಕ್ಲಾಸಿಗಾಗಿ ಕಾಲೇಜಿನ ಹಾಜರಿ ಕಳೆದುಕೊಳ್ಳಬೇಡಿ. ವಿಟಿಯುನಲ್ಲಿ ಶೇ 85 ಹಾಜರಿ ಬೇಕು, ಉಳಿದ ಕಡೆ ಸಾಮಾನ್ಯವಾಗಿ ಶೇ 75. ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದರೆ ವಿದೇಶಿ ಅರ್ಜಿಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳೋದು. ಡಿಗ್ರಿ ಮೊದಲು, ಭಾಷೆ ಎರಡನೇದು. ಭಾಷೆ ಕಲಿಸುವ ನಾನೇ ಇದನ್ನು ಹೇಳುತ್ತೇನೆ.

ಉಚ್ಚಾರಣೆ ಬರ್ತಾನೇ ಇಲ್ಲ. ನಮ್ಮ ನಾಲಿಗೆ ಹೊರಳಲ್ಲ ಅನಸ್ತದ.

ಹೊರಳುತ್ತದೆ. ಎಲ್ಲಿ ಇಡಬೇಕು ಅಂತ ಯಾರೂ ಹೇಳಿಲ್ಲ, ಅಷ್ಟೇ. ಜರ್ಮನ್ ಮತ್ತು ಫ್ರೆಂಚ್‌ನಲ್ಲಿ ‘ಉ’ ಥರ ಕಾಣುವ ಒಂದು ಸ್ವರ ಎಲ್ಲರಿಗೂ ಕಾಟ ಕೊಡುತ್ತದೆ. ಕನ್ನಡಿ ಮುಂದೆ ನಿಂತು ‘ಈ’ ಅನ್ನಿ. ನಾಲಿಗೆ ಕದಲಿಸದೆ ತುಟಿಯನ್ನು ಮಾತ್ರ ‘ಊ’ ಅನ್ನುವಾಗಿನ ಹಾಗೆ ಗುಂಡಗೆ ಮಾಡಿ. ಆಗ ಬರುವ ಸದ್ದೇ ಅದು.

ಫ್ರೆಂಚ್, ಸ್ಪ್ಯಾನಿಷ್ ಕಲಿಯುವವರಿಗೆ ಇನ್ನೊಂದು ಮಾತು. ಅಲ್ಲಿ ನಾಲಿಗೆ ತುದಿ ಹಲ್ಲಿಗೆ ತಾಗುತ್ತದೆ, ಅಂದರೆ ನಮ್ಮ ತ, ದ. ಇಂಗ್ಲಿಷಿನ ರೂಢಿಯಿಂದ ಟ, ಡ ಅಂದುಬಿಡುತ್ತೇವೆ. ಅದೊಂದನ್ನು ಸರಿ ಮಾಡಿದರೆ ಮಾತು ಅರ್ಧ ಸುಧಾರಿಸುತ್ತದೆ.

ಮಾತಾಡೋಕೆ ಯಾರೂ ಸಿಗಲ್ಲ. ಒಬ್ಬನೇ ಏನ್ ಮಾಡಲಿ?

ಒಬ್ಬ ಜೊತೆಗಾರ ಸಾಕು. ನನ್ನ ಇಬ್ಬರು ವಿದ್ಯಾರ್ಥಿನಿಯರು ಸಂಜೆ ಅಪ್ಪನ ಕೆರೆ ಸುತ್ತ ನಡೆಯುವಾಗ ಒಂದು ನಿಯಮ ಮಾಡಿಕೊಂಡಿದ್ದರು: ಮೊದಲ ಸುತ್ತಿನಲ್ಲಿ ಜರ್ಮನ್ ಬಿಟ್ಟು ಬೇರೆ ಮಾತಿಲ್ಲ. ಶುರುವಿನಲ್ಲಿ ‘ಮರ ದೊಡ್ಡದು’, ‘ನೀರು ಹಸಿರು’ ಇಷ್ಟೇ. ಆಮೇಲೆ ಜೋಳದ ರೊಟ್ಟಿ ಬಡಿಯೋದು ಹೇಗೆ ಅಂತ ಒಬ್ಬಳು ವಿವರಿಸಲು ಹೋಗಿ, ‘ಬಡಿ’ಗೆ ಪದ ಸಿಗದೆ, ನಡು ದಾರಿಯಲ್ಲಿ ನಿಂತು ಕೈಯಲ್ಲೇ ತಟ್ಟಿ ತೋರಿಸಿದಳಂತೆ. ಪದ ಸಿಗದಾಗ ಮಾತು ನಿಲ್ಲಿಸದೆ ಹೇಗೋ ದಾಟಿಸೋದು, ಅದನ್ನೇ ಮೌಖಿಕ ಪರೀಕ್ಷೆಯಲ್ಲಿ ನೋಡುತ್ತಾರೆ. ಇಬ್ಬರೂ ಪಾಸಾದರು.

ಯಾರೂ ಇಲ್ಲದಿದ್ದರೆ ಮೊಬೈಲಿನಲ್ಲಿ ದಿನಾ ಎರಡು ನಿಮಿಷ ರೆಕಾರ್ಡ್ ಮಾಡಿ. ಇವತ್ತು ಏನು ತಿಂದೆ, ಎಲ್ಲಿಗೆ ಹೋದೆ, ಅಷ್ಟೇ ಸಾಕು.

ನನಗೆ ಕುರ್‌ಆನ್ ಓದಲು ಬರುತ್ತದೆ, ಮನೆಯಲ್ಲಿ ಉರ್ದು. ಅರೇಬಿಕ್ ಅಥವಾ ಪರ್ಷಿಯನ್ ಸುಲಭವಾ?

ಬೇರೆಯವರು ಮೊದಲ ಕೆಲವು ತಿಂಗಳು ಕಷ್ಟಪಡುವ ಲಿಪಿ ನಿಮಗೆ ಆಗಲೇ ಗೊತ್ತು. ಅರೇಬಿಕ್‌ನ ಗಂಟಲಿನ ಅಕ್ಷರಗಳೂ ಬಾಯಿಗೆ ಬಂದಿವೆ. ಆದರೆ ಅರ್ಥ ಮತ್ತು ವ್ಯಾಕರಣ ಹೊಸದಾಗಿಯೇ ಕಲಿಯಬೇಕು. ದುಬೈ, ಸೌದಿಯ ಬೀದಿಯಲ್ಲಿ ಆಡುವ ಅರೇಬಿಕ್ ಪುಸ್ತಕದ ಅರೇಬಿಕ್‌ಗಿಂತ ಬೇರೆ. ಕೆಲಸಕ್ಕೆ ಹೋಗುವವರು ಪುಸ್ತಕದ್ದನ್ನು ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ಆಡುಮಾತು ಹಿಡಿಯಲಿ.

ಪರ್ಷಿಯನ್ ಇನ್ನೂ ಹತ್ತಿರ, ಉರ್ದುವಿನ ಪದಗಳು ಅಲ್ಲಿ ತುಂಬಾ ಸಿಗುತ್ತವೆ. ಬೀದರಿನವರಿಗೆ ಇದು ದೂರದ ಭಾಷೆಯೇ ಅಲ್ಲ. ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ಬಂದು 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಅದೇ ಕಾಲದಲ್ಲಿ ಬೀದರ್ ನೋಡಿ ಹೋಗಿ ಬರೆದಿದ್ದಾನೆ. ಹೊರದೇಶದ ಮಾತು ಈ ನೆಲಕ್ಕೆ ಹೊಸದಲ್ಲ ಅಂತ ನೆನೆದಾಗ ನನಗೆ ತುಂಬಾ ಸಂತೋಷ ಆಗುತ್ತದೆ.

## ಪರೀಕ್ಷೆ, ಕೆಲಸ, ವಿದೇಶ

ಯಾವ ಸರ್ಟಿಫಿಕೇಟಿಗೆ ಬೆಲೆ ಇದೆ?

ಆಯಾ ದೇಶದವರು ಒಪ್ಪುವ ಪರೀಕ್ಷೆಗೆ. ಜರ್ಮನ್‌ಗೆ ಗೋಥೆ ಮುಂತಾದವು, ಫ್ರೆಂಚ್‌ಗೆ ಡೆಲ್ಫ್, ಸ್ಪ್ಯಾನಿಷ್‌ಗೆ ಡೆಲೆ, ಕೊರಿಯನ್‌ಗೆ ಟಾಪಿಕ್, ಜಪಾನೀಸ್‌ಗೆ ಜೆಎಲ್‌ಪಿಟಿ. ಗೋಥೆ ಎ1ರಲ್ಲಿ 100ಕ್ಕೆ 60 ಬಂದರೆ ಪಾಸ್. ಬಿ1ರಲ್ಲಿ ಓದು, ಬರಹ, ಕೇಳು, ಮಾತು ನಾಲ್ಕೂ ಬೇರೆ ಬೇರೆ. ಒಂದರಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಬರೆಯಬಹುದು.

ಜೆಎಲ್‌ಪಿಟಿ ವರ್ಷಕ್ಕೆ ಎರಡೇ ಸಲ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ಎನ್5 ಸುಲಭದ್ದು, ಎನ್1 ಕಠಿಣದ್ದು. ಅದರಲ್ಲಿ ಮಾತಿನ ಪರೀಕ್ಷೆ ಇಲ್ಲ. ಹಾಗಂತ ಮಾತು ಬಿಟ್ಟರೆ ಸಂದರ್ಶನದಲ್ಲಿ ಸಿಕ್ಕಿಬೀಳುತ್ತೀರಿ. ಅರ್ಜಿ ತಿಂಗಳುಗಟ್ಟಲೆ ಮುಂಚೆ ಮುಗಿದುಹೋಗುತ್ತದೆ. ಡಿಸೆಂಬರ್ ನಿಮ್ಮ ಸೆಮಿಸ್ಟರ್ ಪರೀಕ್ಷೆಗೆ ಅಡ್ಡ ಬರಬಹುದು, ಜುಲೈ ನೋಡಿಕೊಳ್ಳಿ.

ಪರೀಕ್ಷೆ ಬೇಗ ಬರೆದಿಟ್ಟರೆ ಒಳ್ಳೇದಲ್ವಾ?

ಯಾವ ಭಾಷೆ ಅನ್ನೋದು ನೋಡಿ. ಡೆಲ್ಫ್, ಡೆಲೆ ಜೀವನಪೂರ್ತಿ ನಡೆಯುತ್ತವೆ. ಟಾಪಿಕ್ ಎರಡೇ ವರ್ಷ. ಗೋಥೆ ಸರ್ಟಿಫಿಕೇಟಿಗೆ ಅವಧಿ ಇಲ್ಲ, ಆದರೆ ಕೇಳುವ ಕಚೇರಿಗಳು ತೀರಾ ಹಳೇದನ್ನು ಒಪ್ಪದೇ ಇರಬಹುದು. ಅರ್ಜಿ ಹಾಕುವ ಹಿಂದಿನ ವರ್ಷ ಬರೆಯೋದು ಕ್ಷೇಮ.

ಜರ್ಮನಿಯಲ್ಲಿ ಓದು ಫ್ರೀ ಅಂತಾರಲ್ಲ, ನಿಜವಾ?

ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಆದರೆ ಬದುಕುವ ಖರ್ಚು ಫ್ರೀ ಅಲ್ಲ. ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ. ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಅಪ್ಪ ಅಮ್ಮನ ಜೊತೆ ಈ ಮಾತು ಮೊದಲೇ ಆಡಿ, ಸಾಲ ಬೇಕಾದರೆ ಬ್ಯಾಂಕಿನಲ್ಲಿ ವಿಚಾರಿಸಿ. 2022ರ ನವೆಂಬರಿನಿಂದ ಭಾರತದವರಿಗೆ ಎಪಿಎಸ್ ಪ್ರಮಾಣಪತ್ರವೂ ಬೇಕು. ನಿಮ್ಮ ಅಂಕಪಟ್ಟಿ ಅಸಲಿ ಅಂತ ಅವರು ನೋಡಿ ಕೊಡೋದು.

ಎಂ.ಎಸ್. ಇಂಗ್ಲಿಷಿನಲ್ಲೇ ಇರುತ್ತದೆ, ಜರ್ಮನ್ ಯಾಕೆ ಅಂತಲೂ ಕೇಳುತ್ತಾರೆ. ಓದು ಇಂಗ್ಲಿಷಿನಲ್ಲಿ ಇರಬಹುದು. ಬಾಡಿಗೆ ಮನೆ, ಪಾರ್ಟ್‌ಟೈಮ್ ಕೆಲಸ, ಡಾಕ್ಟರು, ಆಮೇಲೆ ನೌಕರಿ ಎಲ್ಲ ಜರ್ಮನ್‌ನಲ್ಲಿ.

ರಷ್ಯಾದಲ್ಲಿ ಎಂಬಿಬಿಎಸ್ ಇಂಗ್ಲಿಷಿನಲ್ಲೇ ಅಲ್ವಾ? ರಷ್ಯನ್ ಬೇಕಾ?

ಭಾರತದ 2021ರ ನಿಯಮದಂತೆ ಕೋರ್ಸ್ ಇಂಗ್ಲಿಷ್ ಮಾಧ್ಯಮದಲ್ಲೇ ಇರಬೇಕು, ಕನಿಷ್ಠ 54 ತಿಂಗಳು, ಜೊತೆಗೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್. ಆದರೆ ಅಲ್ಲಿನ ರೋಗಿ ಹೊಟ್ಟೆನೋವನ್ನು ರಷ್ಯನ್‌ನಲ್ಲೇ ಹೇಳುತ್ತಾನೆ. ಹೋಗುವ ಮುಂಚೆ ಲಿಪಿ ಮತ್ತು ಎ1 ಮುಗಿಸಿ.

ನರ್ಸಿಂಗ್ ಮುಗಿಸಿದ್ದೇನೆ. ಏಜೆಂಟ್ ಮೂರು ಲಕ್ಷ ಕೊಟ್ಟರೆ ಭಾಷೆ, ವೀಸಾ, ಕೆಲಸ ಎಲ್ಲ ಮಾಡಿಸ್ತೀನಿ ಅಂತಾನೆ. ಕೊಡಲಾ?

ಕೊಡಬೇಡಿ. ಮೊದಲು ಅವನ ನೋಂದಣಿ ಸಂಖ್ಯೆ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಡಬೇಡಿ. ಹೊಲ ಒತ್ತೆ ಇಟ್ಟು ಹಣ ಕೊಟ್ಟ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಭಾಷೆಯನ್ನು ಯಾರೂ ‘ಮಾಡಿಸಿ’ ಕೊಡಲು ಆಗಲ್ಲ. ಜರ್ಮನಿಯಲ್ಲಿ ಪೂರ್ಣ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಜಪಾನಿಗೆ ವಿಶೇಷ ಕುಶಲ ಕಾರ್ಮಿಕರಾಗಿ ಹೋಗಲು ಭಾರತ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ. ಅದಕ್ಕೆ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಪರೀಕ್ಷೆ, ಜೊತೆಗೆ ಆ ಕೆಲಸದ ಕೌಶಲ ಪರೀಕ್ಷೆ. ಆರೈಕೆ ಕೆಲಸಕ್ಕೆ ಇನ್ನೊಂದು ಭಾಷಾ ಪರೀಕ್ಷೆಯೂ ಇದೆ.

ವಿದೇಶಕ್ಕೆ ಹೋಗೋ ಆಸೆ ಇಲ್ಲ. ಇಲ್ಲೇ ಕೆಲಸಕ್ಕೆ ಉಪಯೋಗ ಆಗ್ತದಾ?

ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳಲ್ಲಿ ಆಗುತ್ತದೆ, ಬಿ2 ಅಥವಾ ಎನ್2 ಇದ್ದರೆ. ಕೆಪಿಎಸ್‌ಸಿ ಪರೀಕ್ಷೆಯಲ್ಲಿ ಇದಕ್ಕೆ ಹೆಚ್ಚುವರಿ ಅಂಕ ಇಲ್ಲ. ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆಗೆ ಆಯ್ಕೆಯಾದರೆ ಅವರೇ ಒಂದು ಭಾಷೆ ಕಲಿಸುತ್ತಾರೆ.

ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಪರೀಕ್ಷೆಗೆ ಯಾವುದು ಹಾಕಲಿ?

ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ, ಒಂದಕ್ಷರವೂ ಬದಲಿಸದೆ. ನಮ್ಮ ಕಡೆ ಇದು ದೊಡ್ಡ ತೊಂದರೆ. ಎಸ್ಸೆಸ್ಸೆಲ್ಸಿಯಲ್ಲಿ ‘ಶರಣಮ್ಮ’, ಆಧಾರಿನಲ್ಲಿ ‘ಶರಣಮ್ಮ ತಂದೆ ಬಸವರಾಜ’, ಡಿಗ್ರಿಯಲ್ಲಿ ಮನೆತನದ ಹೆಸರೂ ಸೇರಿ ಮೂರು ಪದ. ಇಂಗ್ಲಿಷ್ ಕಾಗುಣಿತ ಒಂದೊಂದರಲ್ಲಿ ಒಂದೊಂದು ಥರ. ಇಲ್ಲಿ ಯಾರಿಗೂ ಅನುಮಾನ ಬರಲ್ಲ. ವೀಸಾ ಕಚೇರಿಯಲ್ಲಿ ಮೂರೂ ಬೇರೆ ಬೇರೆ ಮನುಷ್ಯರು ಅಂತ ತಿಳಿಯುತ್ತಾರೆ.

ಹಾಗಾಗಿ ಭಾಷೆ ಶುರು ಮಾಡಿದ ವರ್ಷವೇ ಈ ಕೆಲಸ ಹಿಡಿಯಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನು ಆಧಾರವಾಗಿ ಇಟ್ಟುಕೊಂಡು ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಘಟಿಕೋತ್ಸವದ ಮುಂಚೆಯೇ ಪರೀಕ್ಷಾ ವಿಭಾಗಕ್ಕೆ ಬರೆದುಕೊಡಿ, ಸ್ವೀಕೃತಿ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.